ಏಮಸ್ ಟೀಲನ ಪೀಚ್ ತೋಟ

ಜಮೀನ್ದಾರ ವಿಟ್ಬಿ ಊಟಕ್ಕೆ ಕರೆದದ್ದು ಓಡಿಹೋದ ಗುಲಾಮರನ್ನು ನಾಯಿ ಬಿಟ್ಟು ಹಿಡಿಯುವವರನ್ನು. ಅವನ ಪೀಚ್ ಹಣ್ಣನ್ನೆಲ್ಲ ಹದಿನೈದು ವರ್ಷ ಹಾಯಿದೋಣಿಯಲ್ಲಿ ಸಾಗಿಸಿದ ಏಮಸ್ ಟೀಲನನ್ನಲ್ಲ. ಆ ಹೊಟ್ಟೆಯುರಿ ಏಮಸನಿಗೆ ಆರಲೇ ಇಲ್ಲ.

ಡೆಲವೇರ್ ಕೊಲ್ಲಿಯ ಈಚೆ ದಡದಲ್ಲಿ ಗುಲಾಮಗಿರಿ, ಆಚೆ ಜೆರ್ಸಿ ದಡದಲ್ಲಿ ಬಿಡುಗಡೆ. ಏಮಸನ ಉಪಾಯ ಸರಳ. ವಿಟ್ಬಿಯ ಗುಲಾಮರನ್ನು ತಾನೇ ಪುಸಲಾಯಿಸಿ ದೋಣಿ ಹತ್ತಿಸುವುದು. ಮಂಜಿನಲ್ಲಿ ಸುತ್ತಾಡಿಸಿ, ಜೆರ್ಸಿಯೆಂದು ನಂಬಿಸಿ, ಈಚೆ ದಡದಲ್ಲೇ ಇನ್ನೊಂದು ಕಡೆ ಇಳಿಸುವುದು. ಅಲ್ಲಿ ಭಾವಮೈದುನ ಜೇಕಬ್ ಹಗ್ಗ ಹಿಡಿದು ಕಾದಿರುತ್ತಾನೆ. ಎರಡು ದಿನ ವಿಟ್ಬಿ ಬಾಯಿ ಬಡಿದುಕೊಳ್ಳಲಿ. ಆಮೇಲೆ ಅವರನ್ನು ತಾನೇ ಹಿಡಿದು ತಂದೆನೆಂದು ಮೀಸೆ ತಿರುವುತ್ತ ಹೋಗಿ, ಬಹುಮಾನವಾಗಿ ಹೊಳೆಬದಿಯ ಪೀಚ್ ತೋಟ ಕೇಳುವುದು.

ಇದನ್ನೆಲ್ಲ ಅವನು ಜೇಕಬನಿಗೆ ವಿವರಿಸಿದ್ದು ಲೆವಿನನ ಎದುರೇ. ಲೆವಿನ್ ಏಮಸನ ಸ್ವಂತ ಗುಲಾಮ, ದೋಣಿ ನಡೆಸುವವನು. ಅವನೆದುರು ಮಾತಾಡುವುದೂ ಒಂದೇ, ಚುಕ್ಕಾಣಿಯೆದುರು ಮಾತಾಡುವುದೂ ಒಂದೇ.

ಸೋಮವಾರ ಬೆಳಿಗ್ಗೆ ದಟ್ಟ ಮಂಜು. ವಿಟ್ಬಿಯ ಗುಲಾಮರಲ್ಲೊಬ್ಬಳಾದ ಸಬ್ರಾ ಎಂಬ ಹೆಂಗಸು ತನ್ನ ಎರಡು ಹೆಣ್ಣುಮಕ್ಕಳೊಂದಿಗೆ ಬಂದು ಜೋಳದ ಚೀಲಗಳ ನಡುವೆ ಕುಳಿತಳು. ಮಕ್ಕಳು ಚುಕ್ಕಾಣಿ ಹಿಡಿದ ಲೆವಿನನತ್ತ ತಿರುಗಿಯೂ ನೋಡಲಿಲ್ಲ.

"ಹೆದರ್ಬೇಡವ್ವಾ. ನಿನ್ನ ಜೆರ್ಸಿ ಮುಟ್ಸೋದು ನನ್ನ ಜವಾಬ್ದಾರಿ," ಅಂದ ಏಮಸ್.

"ನಿಮ್ ಬಾಯಿಗೆ ಸಕ್ರೆ ಹಾಕ, ದಣಿ!"

ಮಂಜಿನಲ್ಲಿ ಏಮಸನಿಗೆ ತನ್ನ ಮೂಗೂ ಕಾಣದು. ದಾರಿ ಗೊತ್ತಾಗುವುದು ಲೆವಿನನಿಗೆ ಮಾತ್ರ: ಸೀಸದ ಗುಂಡನ್ನು ನೀರಿಗಿಳಿಸಿ, ಅದಕ್ಕಂಟಿದ ಕೆಸರನ್ನು ನಾಲಿಗೆಗೆ ಹಚ್ಚಿ, ರುಚಿಯಿಂದಲೇ ಜಾಗ ಗುರುತಿಸುವನು.

"ಎಲ್ಲಿಗೋ ಹೋಗ್ತಿದೀವಿ, ಲೆವಿನ್?" ಅಂದ ಏಮಸ್.

"ಆ ಯಮ್ಮಂಗೆ ನೀವ್ ಮಾತು ಕೊಟ್ಟ ಕಡೆಗೇ, ದಣಿ."

ಏನು ನಾಟಕ ಆಡ್ತಾನೆ ಬಡ್ಡೀಮಗ! ಏಮಸ್ ಖುಷಿಯಿಂದ ಕಣ್ಣು ಹೊಡೆದ.

ಮಧ್ಯಾಹ್ನದ ಹೊತ್ತಿಗೆ ದೋಣಿ ದಡಕ್ಕೆ ತಾಗಿತು. ಏಮಸ್ ಮೊದಲು ಹಾರಿದ. "ಇದೇ ಜೆರ್ಸಿ! ಇಳೀರಿ!" ನಗು ತಡೆಯಲಾಗದೆ ಕೂಗಿದ: "ಜೇಕಬಾ, ಹಗ್ಗ ತಾರೋ!"

ಹಗ್ಗ ಬಂತು. ತಂದವರು ಜೆರ್ಸಿಯ ಐದಾರು ಜನ ಕಪ್ಪು ಮೀನುಗಾರರು, ಯಾರ ಗುಲಾಮರೂ ಅಲ್ಲದವರು. "ಏನ್ ಕಟ್ಬೇಕು, ದೋಣೀನಾ?" ಎಂದೊಬ್ಬ ಕೇಳಿದ.

"ಹಗ್ಗ ಕೇಳಿದ್ದು ದಣಿ," ಅಂದ ಲೆವಿನ್. "ದಣೀಗೇ ಕಟ್ಟಿ."

ಗೂಟಕ್ಕೆ ಕಟ್ಟಿಸಿಕೊಂಡು ನಿಂತ ಏಮಸನ ಕಣ್ಣೆದುರೇ ಚಿಕ್ಕ ಹುಡುಗಿ "ಅಪ್ಪಾ!" ಎಂದು ಓಡಿ ಲೆವಿನನ ಕೊರಳಿಗೆ ಜೋತುಬಿದ್ದಳು. ಒಂಬತ್ತು ವರ್ಷದಿಂದ ಪ್ರತಿ ಶನಿವಾರ, ಲೆವಿನನನ್ನು ವಿಟ್ಬಿಯ ಜಮೀನಿಗೆ ಹೋಗಲು ಬಿಡಿ ಎಂಬ ಚೀಟಿ ಬರೆದು ರುಜು ಹಾಕಿಕೊಟ್ಟವನು ಏಮಸನೇ. ಅಲ್ಲಿ ನಿನಗೆ ಯಾರಿದ್ದಾರೋ ಎಂದು ಒಂದು ಸಲವೂ ಕೇಳಿರಲಿಲ್ಲ.