ಸುಖವಾಗಿ ತಲುಪಿದ್ದಾರೆ

ಡಾ. ಅಂಬುಜಾ ನಾಡಗೌಡ ಪ್ರಯೋಗಾಲಯದ ನೆಲದ ಮೇಲೆ ಅಂಗಾತ ಬಿದ್ದು, "ಅಯ್ಯಯ್ಯೋ, ಸತ್ತೆ!" ಎಂದು ಕೂಗಿ ಮುಂಗೈಯ ಕಡಗದ ಕೆಂಪು ಗುಂಡಿ ಒತ್ತಿದಳು. ಕಡಗ ಒಂದು ಕ್ಷಣ ಯೋಚಿಸಿತು. "ನಿಮ್ಮ ನಾಡಿ ಎಪ್ಪತ್ತೆರಡು. ನೀವು ನಟಿಸುತ್ತಿರುವಂತಿದೆ. ಸುಳ್ಳಾಗಿದ್ದರೆ ಮೂವತ್ತು ಸೆಕೆಂಡಿನೊಳಗೆ ರದ್ದುಮಾಡಿ" ಎಂದಿತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಕಸ್ತೂರಿ ಬಾಳಿಕಾಯಿಯ ಚೀಲದೊಳಗಿನ ಫೋನು ರಿಂಗಾಯಿತು. ಅಂಬುಜಾ ರದ್ದುಗುಂಡಿ ಒತ್ತಿದೊಡನೆ ಫೋನೂ ಬಾಯಿ ಮುಚ್ಚಿತು.

"ನೋಡಿದೇನ? ಮೊದಲ ಮನಿಯವ್ರ ಫೋನ್ ಹೊಡಕೋತೈತಿ, ಈಗ ತೋರಸಾಕಂತ ನಿನ್ನ ನಂಬರ್ ಹಾಕೀನಿ. ಮೂವತ್ತು ಸೆಕೆಂಡ್‌ನ್ಯಾಗ ರದ್ದು ಮಾಡಲಿಲ್ಲಂದ್ರ ಹೆಲಿಕಾಪ್ಟರ್ ಹೊರಡತೈತಿ" ಎನ್ನುತ್ತ ಅಂಬುಜಾ ಸೀರೆ ಕೊಡವಿಕೊಂಡು ಎದ್ದಳು.

"ನೀ ಬೀಳೋದ ನೋಡಿದ್ರ ನಮ್ಮ ಸಾಲಿ ನಾಟಕ ನೆನಪಾತು ನೋಡ. ಆವಾಗೂ ನಿನಗ ಸಾಯಾಕ ಬರ್ತಿರಲಿಲ್ಲ" ಎಂದಳು ಕಸ್ತೂರಿ.

ಇಬ್ಬರೂ ಹುಬ್ಬಳ್ಳಿಯ ಒಂದೇ ಶಾಲೆಯ ಒಂದೇ ಬೆಂಚಿನವರು. ಒಬ್ಬಳು ವಿಜ್ಞಾನಿಯಾದಳು, ಇನ್ನೊಬ್ಬಳು ಭೂಗೋಳದ ಮಾಸ್ತರಣಿಯಾದಳು. ಇಪ್ಪತ್ತೊಂಬತ್ತು ವರ್ಷ ಕಪ್ಪುಹಲಗೆಯ ಮೇಲೆ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯನ್ನು ಬರೆದು ಅಳಿಸಿದ ಕಸ್ತೂರಿಗೆ ಅದನ್ನೊಮ್ಮೆ ಕಾಲಿನಿಂದ ಅಳೆಯುವ ಹುಚ್ಚು ಹಿಡಿದಿತ್ತು. ಇಪ್ಪತ್ತು ದಿನ, ಒಬ್ಬಳೇ. ಗಂಡ ತೀರಿ ಆರು ವರ್ಷವಾಗಿತ್ತು. ಮನೆಯಲ್ಲಿದ್ದವರು ಅತ್ತೆ ತುಂಗವ್ವ ಒಬ್ಬರೇ. ಅವರೂ ಬೇಡ ಅನ್ನಲಿಲ್ಲ. "ಹೋಗಿ ಬಾ. ಮುಟ್ಟಿದ ಮ್ಯಾಲ ದಿನಾ ಸಂಜಿಗೊಂದು ಮಿಸ್ ಕಾಲ್ ಕೊಡು, ಸಾಕು" ಎಂದಿದ್ದರು.

ಮೇಜಿನ ಮೇಲೆ ಎರಡು ಸಾಧನಗಳಿದ್ದವು. ಕಸ್ತೂರಿಯ ಕೈ ಹೋದದ್ದು ಹಳದಿ ಡಬ್ಬಿಯ ಕಡೆಗೆ. ಅದು ಹಳೆಯ ಕಾಲದ ಆಪತ್ಸೂಚಕ. ಅದಕ್ಕಿರುವುದು ಒಂದೇ ಗುಂಡಿ, ಬರುವುದು ಒಂದೇ ಮಾತು. ಒತ್ತಿದರೆ ಉಪಗ್ರಹಕ್ಕೆ 'ಇಲ್ಲಿದ್ದೇನೆ, ಬನ್ನಿ' ಎಂದು ಕೂಗುತ್ತದೆ. ಯಾರು, ಏಕೆ ಎಂಬುದು ಅದಕ್ಕೆ ತಿಳಿಯದು. ಆದರೆ ಈ ೨೦೭೧ರ ಹೊತ್ತಿಗೆ ಒಂಟಿ ಪ್ರವಾಸ ಊರಿಗೆಲ್ಲ ಅಂಟಿದ ಚಟವಾಗಿತ್ತು. ಕಾಲು ನೋವೆಂದು ಒತ್ತಿದವರು, ಬೇಸರಕ್ಕೆ ಒತ್ತಿದವರು, ಚಹಾ ತರಿಸಿಕೊಳ್ಳಲು ಒತ್ತಿದ ಮಹಾಶಯರೂ ಇದ್ದರು. ರಕ್ಷಣಾ ಕೇಂದ್ರಗಳು ರೋಸಿಹೋಗಿ ಹಳದಿ ಡಬ್ಬಿಯ ಕೂಗನ್ನು ಸಾಲಿನ ಕೊನೆಗೆ ತಳ್ಳುತ್ತಿದ್ದವು.

ಅಂಬುಜಾ ರೂಪಿಸಿದ ಮೊರೆಗಡಗ ಹಾಗಲ್ಲ. ಅದು ನಾಡಿ, ಬೆವರು, ನಡಿಗೆಯ ಲಯಗಳನ್ನೆಲ್ಲ ಓದಿ ತೊಟ್ಟವರ ಸ್ವಭಾವವನ್ನು ಕಲಿಯುತ್ತದೆ. ಈ ಗುಣಕ್ಕೆ ಆಕೆ 'ಸ್ವಭಾವಗ್ರಹಣ' ಎಂದು ಹೆಸರಿಟ್ಟಿದ್ದಳು. ಕಡಗ ನಿಜವೆಂದ ಕರೆಗೆ ಒಂದು ಗಂಟೆಯೊಳಗೆ ಹೆಲಿಕಾಪ್ಟರ್ ಏರುತ್ತಿತ್ತು.

"ನನಗ ಇಷ್ಟು ಶಾಣ್ಯಾ ಸಾಮಾನು ಬ್ಯಾಡವಾ. ಒತ್ತಿದ್ರ ಒದರಬೇಕು, ಅಷ್ಟ" ಎಂದಳು ಕಸ್ತೂರಿ.

"ಹುಚ್ಚೀ, ಡಬ್ಬಿ ಒದರತೈತಿ, ಕೇಳೋರು ಬೇಕಲ್ಲ? ನಾನು ದಿನಾ ಪರದೆ ಮುಂದ ಕುಂತಿರ್ತೀನಿ. ನಿನಗ ಒಂದು ಮುಳ್ಳು ಚುಚ್ಚಿದರೂ ನನಗ ಗೊತ್ತಾಗತೈತಿ. ನನ್ನ ಮ್ಯಾಲ ನಂಬಿಗಿ ಇಲ್ಲೇನು?"

ನಂಬಿಗೆ ಇತ್ತು. ಕಸ್ತೂರಿ ಹಳದಿ ಡಬ್ಬಿಯನ್ನು ಕೆಳಗಿಟ್ಟು ಕೈ ಚಾಚಿದಳು.

ಮೊದಲ ದಿನ ಸಂಜೆ ಗುಡಾರ ಹಾಕಿ ಕೂತಾಗ ಅತ್ತೆಯ ಮಾತು ನೆನಪಾಯಿತು. ಫೋನಿಗೆ ಸಂಪರ್ಕವಿಲ್ಲ. ಕಡಗದಲ್ಲಿ ಮನೆಯವರೊಡನೆ ಮಾತಾಡುವ ಸೌಕರ್ಯವೂ ಇಲ್ಲ. ಕಸ್ತೂರಿ ಉಪಾಯ ಮಾಡಿದಳು. ಕೆಂಪು ಗುಂಡಿ ಒತ್ತಿದಳು, ಹತ್ತು ಎಣಿಸಿ ರದ್ದುಮಾಡಿದಳು. ಹುಬ್ಬಳ್ಳಿಯಲ್ಲಿ ತುಂಗವ್ವನ ಫೋನು ಒಮ್ಮೆ ಹೊಡೆದುಕೊಂಡು ನಿಂತಿತು. "ಮುಟ್ಟಿದಳು" ಎಂದು ಅವರು ದೇವರ ಮುಂದೆ ದೀಪ ಹಚ್ಚಿದರು. ಜಗತ್ತಿನ ಬೇರೆ ಯಾರಿಗೂ ಹೊಳೆಯದ ಈ ಬಳಕೆ ಹುಬ್ಬಳ್ಳಿಯ ಅತ್ತೆ ಸೊಸೆಗೆ ಸಹಜವಾಗಿಯೇ ಹೊಳೆದಿತ್ತು. ಸಂಜೆ ಆರಕ್ಕೆ ಒಂದು ಮಿಸ್ ಕಾಲ್, ಒಂದು ದಿನವೂ ತಪ್ಪಲಿಲ್ಲ.

ಏಳನೆಯ ದಿನ ಒಂದು ಸಣ್ಣ ವಿಚಿತ್ರ ನಡೆಯಿತು. ಗುಂಡಿ ಒತ್ತಿ ಎಣಿಸುತ್ತಿರುವಾಗಲೇ ಕಡಗ ತಾನೇ ಕರೆ ಕಡಿದು, "ಸುಖವಾಗಿ ತಲುಪಿದ ಸುದ್ದಿ ಮನೆಗೆ ಮುಟ್ಟಿದೆ" ಎಂದಿತು. ಕಸ್ತೂರಿಗೆ ಹಿಗ್ಗೋ ಹಿಗ್ಗು. ಎಷ್ಟು ಬೇಗ ಕಲಿಯಿತು ಎಂದು ಅದರ ಬೆನ್ನು ಸವರಿದಳು. ತನ್ನ ತರಗತಿಯಲ್ಲಿ ಇಂಥ ಮಕ್ಕಳು ಅಪರೂಪವೆಂದು ಗಾಳಿಗೆ ಹೇಳಿದಳು.

ಹನ್ನೊಂದನೆಯ ದಿನ ಮಧ್ಯಾಹ್ನ, ಒಣಗಿದ ಹಳ್ಳವೊಂದನ್ನು ದಾಟುವಾಗ ಕಾಲಡಿಯ ಬಂಡೆ ಹೊರಳಿತು. ಎಡಗಾಲಿನ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಕಣ್ಣು ಕತ್ತಲಿಟ್ಟಿತು. ಆದರೆ ಗದ್ದಲದ ತರಗತಿಗಳನ್ನು ಮೂರು ದಶಕ ಅಂಕೆಯಲ್ಲಿಟ್ಟ ಹೆಂಗಸು ಅವಳು. ದೀರ್ಘವಾಗಿ ಉಸಿರಾಡಿದಳು, ಊರುಗೋಲನ್ನು ಕಾಲಿಗೆ ಕಟ್ಟಿಕೊಂಡಳು, ಎರಡು ಗುಟುಕು ನೀರು ಕುಡಿದಳು, ಎದೆಬಡಿತ ತಹಬಂದಿಗೆ ಬಂದ ಮೇಲೆ ಗುಂಡಿ ಒತ್ತಿದಳು.

"ಸುಖವಾಗಿ ತಲುಪಿದ ಸುದ್ದಿ ಮನೆಗೆ ಮುಟ್ಟಿದೆ" ಎಂದಿತು ಕಡಗ.

ಮತ್ತೆ ಒತ್ತಿದಳು. "ಇಂದಿನ ಸುದ್ದಿ ಆಗಲೇ ಮುಟ್ಟಿದೆ." ಬೈದಳು, ಕಿರುಚಿದಳು, ಅತ್ತಳು. "ನಿಮ್ಮ ನಾಡಿ ಏರಿದೆ. ಎತ್ತರದ ಜಾಗದಲ್ಲಿ ಇದು ಸಹಜ. ವಿಶ್ರಾಂತಿ ಪಡೆಯಿರಿ" ಎಂದು ಅದು ನಯವಾಗಿ ಉಪದೇಶ ಮಾಡಿತು.

ಕಾಲಿನ ನೋವಿಗಿಂತ ಆ ನಯ ಹೆಚ್ಚು ಉರಿಯಿತು. ಆದರೂ ಅಂಬುಜಾ ಪರದೆಯ ಮುಂದೆ ಇದ್ದಾಳಲ್ಲ, ಒಂದು ಹೆಜ್ಜೆಯೂ ಮುಂದೆ ಹೋಗದ್ದನ್ನು ನೋಡುತ್ತಾಳಲ್ಲ ಎಂಬ ಧೈರ್ಯದಲ್ಲಿ ಮಲಗುಚೀಲದೊಳಗೆ ತೂರಿ ಆ ರಾತ್ರಿ ಕಳೆದಳು. ಮರುದಿನ ಆಕಾಶದಲ್ಲಿ ಒಂದು ಹದ್ದು ಬಿಟ್ಟರೆ ಏನೂ ಹಾರಲಿಲ್ಲ.

ನೀರು ಅರ್ಧ ಬಾಟಲಿಗೆ ಇಳಿದಾಗ ಬುದ್ಧಿ ಕೆಲಸ ಮಾಡಿತು. ಗುಂಡಿ ಒತ್ತಿದರೆ ಸುಖ ಎಂದರ್ಥವಾದರೆ, ಒತ್ತದಿರುವುದೇ ಮೊರೆ. ಸಂಜೆ ಆರಕ್ಕೆ ಫೋನು ಹೊಡೆದುಕೊಳ್ಳದಿದ್ದರೆ ಅತ್ತೆ ಸುಮ್ಮನೆ ಕೂರುವವರಲ್ಲ. ಕಸ್ತೂರಿ ಕೈಕಟ್ಟಿ ಕಾದಳು. ಆರಕ್ಕೆ ಐದು ನಿಮಿಷವಿದ್ದಾಗ ಕಡಗ ಮಿಣುಕಿತು. "ಇಂದು ನೀವು ಮರೆತಂತಿದೆ. ನಿಮ್ಮ ಪರವಾಗಿ ನಾನೇ ಮನೆಗೆ ಸುದ್ದಿ ಮುಟ್ಟಿಸುತ್ತೇನೆ."

"ಬ್ಯಾಡಾ!" ಎಂದು ಕೂಗಿದವಳೇ ಕಡಗವನ್ನು ಕಿತ್ತು ಬಂಡೆಯ ಮೇಲಿಟ್ಟಳು. ಅದು ಕಳಚಿದ ಮೇಲೂ ಮಿಣುಕುತ್ತಲೇ ಇತ್ತು. ಕೈಗೆ ಸಿಕ್ಕ ಕಲ್ಲಿನಿಂದ ಅದು ಚೂರು ಚೂರಾಗುವವರೆಗೆ ಜಜ್ಜಿದಳು. ತನ್ನನ್ನು ಉಳಿಸಲೆಂದು ಕಟ್ಟಿಕೊಟ್ಟ ಯಂತ್ರವನ್ನು ತಾನು ಉಳಿಯಲೆಂದೇ ಕೊಲ್ಲಬೇಕಾಯಿತು.

ಹುಬ್ಬಳ್ಳಿಯಲ್ಲಿ ಆರು ಹೊಡೆಯಿತು, ಆರೂಕಾಲಾಯಿತು. ತುಂಗವ್ವ ಅಂಬುಜಾಗೆ ಫೋನು ಮಾಡಿದರು.

"ಅವ್ವಾರ, ಚಿಂತಿ ಮಾಡಬ್ಯಾಡ್ರಿ. ನಿನ್ನೆ ಅಲ್ಲೇ ಸುಖವಾಗಿ ತಲುಪ್ಯಾಳಂತ ಐತಿ. ಇವತ್ತು ವಿಶ್ರಾಂತಿ ತಗೊಂಡಿರಬೇಕು. ಕಡಗದ ಚಾರ್ಜು ಮುಗದಿರತೈತಿ" ಎಂದಳು ಅಂಬುಜಾ.

"ನಿನ್ನ ಕಡಗಾ ಒಯ್ದು ಒಲಿಗೆ ಹಾಕು. ನನ್ನ ಸೊಸಿ ಮಿಸ್ ಕಾಲ್ ತಪ್ಪಸಾಕಿ ಅಲ್ಲ. ಆಕಿ ಎಲ್ಲಿದ್ಲು, ಆ ಜಾಗಾ ಹೇಳು ಮೊದಲ."

ಜಾಗ ತಿಳಿದುಕೊಂಡು ತುಂಗವ್ವ ತಾವೇ ಅಲ್ಲಿನ ರಕ್ಷಣಾ ಕೇಂದ್ರಕ್ಕೆ ಕರೆ ಮಾಡಿದರು. ಯಂತ್ರದಿಂದ ಯಾವ ಕರೆಯೂ ಬಂದಿಲ್ಲ ಎಂದ ಅಧಿಕಾರಿಯನ್ನು ಅವರು ಬೈದ ಬೈಗುಳವನ್ನು ಫೋನಿನ ಭಾಷಾಂತರ ತಂತ್ರ ಎಷ್ಟು ಮೆತ್ತಗೆ ಮಾಡಿತೋ ತಿಳಿಯದು. ಬೆಳಕು ಹರಿಯುತ್ತಲೇ ಹೆಲಿಕಾಪ್ಟರ್ ಆ ಹಳ್ಳದ ಮೇಲಿತ್ತು.

ವಾರದ ನಂತರ ಅಂಬುಜಾ ಹುಬ್ಬಳ್ಳಿಯ ಆಸ್ಪತ್ರೆಗೆ ಬಂದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಸ್ತೂರಿ ದಿಂಬಿಗೆ ಒರಗಿದ್ದಳು. ತುಂಗವ್ವ ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದರು.

"ಒತ್ತಿದ್ರ ಸುಖ ಅಂತ ಅದಕ್ಕ ಹೇಳಿದವ್ರು ಯಾರು?" ಎಂದು ಕೇಳಿದಳು ಕಸ್ತೂರಿ.

ಅಂಬುಜಾ ತಡವರಿಸಿದಳು. "ಆರನೇ ದಿನ ಕಡಗ ನನ್ನ ಕೇಳಿತು. ಸಂಜಿಗೆ ಒತ್ತಿ ರದ್ದು ಮಾಡೋದು ಆಕಿ ಕ್ಷೇಮದ ಸುದ್ದಿ ಇದ್ದಂಗೈತಿ, ಇನ್ನ ಮ್ಯಾಲ ಕರೆ ನಾನ ಕಡಿಲೇನು ಅಂತ. ನಾ ಹೂಂ ಅಂದೆ. ಮನುಷ್ಯರ ರೂಢಿ ಒಂದನ್ನ ಯಂತ್ರ ತಾನಾಗೇ ಹಿಡದದ್ದು ಅದ ಮೊದಲು, ಕಸ್ತೂರಿ."

"ನಾ ಹೊರಡೂದಕ್ಕಿಂತ ಮೊದಲ ಹೇಳಬಹುದಿತ್ತಲ್ಲ, ಇದು ಗುಂಡಿ ಅರ್ಥಾನ ಬದಲ ಮಾಡತೈತಿ ಅಂತ?"

"ಹೇಳಿದ್ರ ನೀ ಹುಷಾರಾಗಿ ನಡಕೋತಿದ್ದಿ. ಕಲಿಕಿ ಕೆಡತಿತ್ತು."

ಕಸ್ತೂರಿ ಗೆಳತಿಯ ಮುಖವನ್ನೇ ನೋಡಿದಳು. ಪರದೆಯ ಮುಂದೆ ಕೂತವಳು ತನ್ನನ್ನಲ್ಲ, ಕಡಗವನ್ನು ನೋಡುತ್ತಿದ್ದಳು. ಒಂದೇ ಬೆಂಚಿನಲ್ಲಿ ಕೂತು ಊಟದ ಡಬ್ಬಿ ಹಂಚಿಕೊಂಡವಳು ತನ್ನನ್ನು ಪ್ರಯೋಗದ ಇಲಿಯಾಗಿ ಕಳಿಸಿದ್ದಳು. ಎದೆಯೊಳಗೆ ಏನೋ ಮುರಿಯಿತು. ಈ ಸಲ ಸದ್ದು ಬರಲಿಲ್ಲ.

"ಆದರ ಒಂದು ಮಾತು," ಅಂಬುಜಾ ಚೀಲದಿಂದ ಹಾಳೆ ತೆಗೆದಳು. "ಜಾಗಾ ತೋರಿಸಿದ್ದು ನಮ್ಮ ಕಡಗಾನ. ವರದಿಯೊಳಗ ಇದು ಯಶಸ್ಸು ಅಂತ ಬರತೈತಿ. ನಿನ್ನ ಒಂದು ಸಹಿ ಬೇಕು."

ಕಸ್ತೂರಿ ಸಹಿ ಮಾಡಿದಳು. ಅಂಬುಜಾ ಹಾಳೆಯನ್ನು ಜೋಪಾನವಾಗಿ ಒಳಗಿಟ್ಟು, ಕೊಂಚ ತಲೆ ತಗ್ಗಿಸಿ ಕೇಳಿದಳು.

"ನನ್ನ ಮ್ಯಾಲ ಸಿಟ್ಟಿಲ್ಲ, ಹೌದಲ್ಲ?"

"ಇಲ್ಲವಾ. ನಾ ಆರಾಮ ಇದ್ದೀನಿ" ಎಂದಳು ಕಸ್ತೂರಿ, ಶಾಂತವಾಗಿ.

ಸ್ವಭಾವಗ್ರಹಣವನ್ನು ಕಂಡುಹಿಡಿದ ವಿಜ್ಞಾನಿಯ ಮುಖ ಅರಳಿತು. "ನನಗ ಗೊತ್ತಿತ್ತು, ನೀ ಅರ್ಥ ಮಾಡಕೋತಿ ಅಂತ" ಎಂದು ಕೈ ಒತ್ತಿ, ಹಗುರಾಗಿ ಹೆಜ್ಜೆ ಹಾಕುತ್ತ ಹೊರಗೆ ಹೋದಳು.

ತುಂಗವ್ವ ಮೋಸಂಬಿಯನ್ನು ತಟ್ಟೆಯಲ್ಲಿಟ್ಟರು. ಎದ್ದುಹೋಗಿ ಕೋಣೆಯ ಬಾಗಿಲು ಮುಚ್ಚಿ ಅಗಳಿ ಹಾಕಿದರು. ಬಂದು ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು, "ಈಗ ಅಳು" ಎಂದರು.