ಲಾಯದಿಂದ ಮಾಯವಾದ ಮರಿ

ರಾತ್ರಿ ತಾಯಿಯ ಪಕ್ಕದಲ್ಲಿದ್ದ ಕುದುರೆ ಮರಿ ಬೆಳಗಾಗುವಷ್ಟರಲ್ಲಿ ಮಾಯ!

ಅದೂ ಯಾವ ದಿನ? ಕೊಳ್ಳುವವರ ಗಾಡಿ ಬರಬೇಕಿದ್ದ ದಿನ. ತೆರಿಗೆ ಅಧಿಕಾರಿ ಮೇಡಂ ತಪಾಸಣೆಗೆ ಬಂದು ನಿಂತ ದಿನ. ಈ ಕುದುರೆ ಸಾಕಣೆ ವ್ಯಾಪಾರವೋ, ಹವ್ಯಾಸವೋ? ಆಕೆ ಇವತ್ತೇ ತೀರ್ಮಾನಿಸಬೇಕಿತ್ತು. ವ್ಯಾಪಾರವಾದರೆ ಇಷ್ಟು ವರ್ಷದ ನಷ್ಟವನ್ನು ತೆರಿಗೆಯಲ್ಲಿ ಕಳೆಯಬಹುದು. ಹವ್ಯಾಸವಾದರೆ ತೆರಿಗೆ ಕಟ್ಟುವುದಕ್ಕೇ ಕುದುರೆಗಳನ್ನೆಲ್ಲ ಮಾರಿ ಲಾಯ ಪೂರ್ತಿ ಖಾಲಿ. ಇದುವರೆಗೆ ಒಂದು ಕುದುರೆಯೂ ಮಾರಾಟವಾಗಿರಲಿಲ್ಲ. ಈ ಮರಿಯೇ ಮೊದಲನೆಯದು.

"ಮರಿ ಸಿಗೋವರೆಗೂ ನಾನು ಏಳಲ್ಲ," ಎಂದು ಆಕೆ ಬಕೆಟ್ ಬೋರಲು ಹಾಕಿ ಕುಳಿತೇಬಿಟ್ಟರು. ತೆರಿಗೆಯವರು ಬಂದ ಮೇಲೆ ಅಷ್ಟು ಸುಲಭಕ್ಕೆ ಏಳುತ್ತಾರೆಯೇ?

"ಮೊದಲು ನೋಡಿದ್ದು ಯಾರು?"

"ನಾನು ಮೇಡಂ," ಎಂದ ಲಾಯದಾಳು. "ಕೂಗಿಕೊಂಡೆ. ಎಲ್ಲರೂ ಓಡಿಬಂದ್ರು. ಆಮೇಲೆ ನಾನೂ ಚಿಕ್ಕ ಯಜಮಾನ್ರೂ ರಸ್ತೆ ಉದ್ದಕ್ಕೂ ಹುಡುಕಿದ್ವಿ."

ಚಿಕ್ಕ ಯಜಮಾನನೆಂದರೆ ಯಜಮಾನನ ತಮ್ಮ. ಎಲ್ಲರ ಅನುಮಾನವೂ ಅವನ ಮೇಲೆಯೇ.

"ಲಾಯ ಮುಚ್ಚಿಬಿಡಿ ಅಂತ ಹೇಳ್ತಿದ್ರಂತೆ?"

"ಹೇಳ್ತಿದ್ದೆ. ಅಣ್ಣ ಸಾಕಿರೋದು ಕುದುರೆಯಲ್ಲ, ಬಿಳಿಯಾನೆ! ಆದ್ರೆ ಮಾರಾಟವಾಗೋ ಮರೀನ ನಾನ್ಯಾಕೆ ಕದೀಲಿ? ಒಂದಾದ್ರೂ ತೊಲಗ್ತಿದೆ ಅಂತ ಖುಷಿಯಾಗಿದ್ದೆ."

"ನೀವಮ್ಮಾ?"

"ಇವರು ಹುಡುಕಿ ಬರೋವರೆಗೂ ಗೇಟಿನ ಹತ್ರಾನೇ ನಿಂತಿದ್ದೆ," ಎಂದಳು ಯಜಮಾನನ ಹೆಂಡತಿ.

"ನೀವು?"

ಯಜಮಾನ ತಲೆಯೆತ್ತಲಿಲ್ಲ. "ಉಳಿದ ಕುದುರೆಗಳು ಬೆದರಬಾರ್ದು ಅಂತ ಇಲ್ಲೇ ಇದ್ದೆ — ಒಬ್ಬನೇ."

ಅಧಿಕಾರಿ ಎದ್ದು ತಾಯಿ ಕುದುರೆಯ ಹತ್ತಿರ ಹೋದರು. ಬೆನ್ನು ಸವರಿ, ಬಗ್ಗಿ ಕೆಚ್ಚಲು ಮುಟ್ಟಿ ನೋಡಿದರು.

"ಎಲ್ಲರೂ ಬೀಗ ನೋಡಿದ್ರಿ, ರಸ್ತೆ ನೋಡಿದ್ರಿ. ಇದನ್ನ ಯಾರೂ ನೋಡ್ಲಿಲ್ಲ. ನಾನೂ ಮಕ್ಕಳಿಗೆ ಹಾಲೂಡಿಸಿದವಳು. ರಾತ್ರಿಯಿಂದ ಮಗು ಕುಡೀಲಿಲ್ಲ ಅಂದ್ರೆ ಎದೆ ಕಲ್ಲಾಗುತ್ತೆ. ಈ ಕೆಚ್ಚಲು ಈಗಷ್ಟೇ ಕುಡಿಸಿದ ಹಾಗೆ ಮೆತ್ತಗಿದೆ. ಅಂದ್ರೆ, ಇವರೆಲ್ಲ ಹುಡುಕೋಕೆ ಹೋದಾಗ ಯಾರೋ ಮರೀನ ತಂದು ಹಾಲು ಕುಡಿಸಿದ್ದಾರೆ. ಆಗ ಇಲ್ಲಿದ್ದೋರು ನೀವೊಬ್ರೇ. ಪಾಪ, ಹಸಿದಿರುತ್ತೆ ಅಂತ ಕರುಳು ಚುರ್ ಅಂದಿರ್ಬೇಕು — ಅಲ್ವಾ ಕಳ್ಳರೇ?"

ಹುಲ್ಲಿನ ಕೋಣೆಯ ಬಾಗಿಲು ತೆರೆದರೆ ಮರಿ ಮೂತಿ ಚಾಚಿತು.

"ಮಾರೋಕೆ ಮನಸ್ಸು ಬರ್ಲಿಲ್ಲ," ಎಂದು ಯಜಮಾನ ಮರಿಯ ಕುತ್ತಿಗೆ ತಬ್ಬಿಕೊಂಡ.

"ಹಾಗಾದ್ರೆ ಹವ್ಯಾಸ ಅಂತ ಬರ್ಕೊಳ್ಳಲಾ?"

ಗೇಟಿನಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಹೆಂಡತಿ ಮರಿಯ ಹಗ್ಗವನ್ನು ಗಂಡನ ಕೈಗಿಟ್ಟಳು.

"ರೀ, ಇದೊಂದನ್ನ ಕೊಡಿ. ಉಳಿದವಾದ್ರೂ ನಮ್ಮ ಹತ್ರ ಇರ್ಲಿ."

ಅವನೇ ಮರಿಯನ್ನು ನಡೆಸಿಕೊಂಡು ಹೋಗಿ ಗಾಡಿ ಹತ್ತಿಸಿ ಬಂದ. ಕಣ್ಣೀರಲ್ಲಿ ತೋಯ್ದ ಮುಖ ನೋಡುವಂತಿರಲಿಲ್ಲ.

ಅಧಿಕಾರಿ ಪೆನ್ನು ತೆಗೆದರು.

"ವ್ಯಾಪಾರ ಅಂತಲೇ ಬರೀತೀನಿ. ಹವ್ಯಾಸಕ್ಕೆ ಯಾರೂ ಹೀಗೆ ಅಳ್ತಾ ಮಾರಲ್ಲ."