ಸಾಬೀರಾ ಅಕ್ಕೋರ ಸಿಟ್ಟು

"ನಿಲ್ಲಸ್ರಿ ಅಕ್ಕೋರ! ತಂಗಿ ಕೈಲೆ ಅಣ್ಣನ ಕಪಾಳಕ್ಕ ಹೊಡಸ್ತೀರಿ?"

ಬಾಗಿಲು ದಾಟಿ ಬಂದು ಕೂಗಿದವನು ಪಕ್ಕದ ನಾಲ್ಕನೇ ಇಯತ್ತೆಯ ಜೈನುದ್ದೀನ ಮಾಸ್ತರ. ಮೂರನೇ ಇಯತ್ತೆಗೆ ಕಲಿಸುವ ಸಾಬೀರಾಳ ಮೈಯೆಲ್ಲ ಉರಿದುಹೋಯಿತು. 'ನನ್ನ ವರ್ಗಕ್ಕ ಬಂದು, ಹುಡುಗರ ಎದುರಿಗೆ ನನಗs ಜೋರು ಮಾಡ್ತಾನಲ್ಲ ಇಂವಾ!'

ಇಂಡಿ ಕಡೆಯ ಸಾಲಿಗಳಲ್ಲಿ ಆಗ ಅದೇ ರೂಢಿ. ಮಗ್ಗಿ ತಪ್ಪಿದವರ ಮೂಗು ಹಿಡಿದು, ಸರಿ ಹೇಳಿದವರು ಕೆನ್ನೆಗೆ ಬಾರಿಸಬೇಕು. ಮೂಗು ಹಿಡಿದರೆ ಮುಖ ಆಚೀಚೆ ಹೊರಳೂದಿಲ್ಲ ನೋಡ್ರಿ! "ಎಲುಬು ನಮ್ದು, ಚರ್ಮ ನಿಮ್ದು" ಅಂತ ಹಡೆದವರೇ ಹೇಳಿ ಬಿಟ್ಟುಹೋಗುತ್ತಿದ್ದರು. ಹಿಂಗಿದ್ದ ಮೇಲೆ ಕೇಳುವವರ್ಯಾರು?

ಆವತ್ತು ಏಳರ ಮಗ್ಗಿ ತಪ್ಪಿದವ ಭೀಮಶ್ಯಾ. ಸರಿ ಹೇಳಿದಾಕಿ ಅವನ ಬೆನ್ನಿಗೆ ಬಿದ್ದ ತಂಗಿ ಸಾತವ್ವ. ಅಣ್ಣನ ಮೂಗು ಹಿಡಿದು ಕೈ ಎತ್ತಿದ್ದಳು... ತುಟಿ ಮಾತ್ರ ಅದುರುತ್ತಿತ್ತು.

"ಇದು ನನ್ನ ವರ್ಗರಿ ಮಾಸ್ತರ!" ಸಾಬೀರಾ ಗುಡುಗಿದಳು. "ನಿಮ್ಮ ಶಾಣ್ಯಾತನ ನಿಮ್ಮ ವರ್ಗದಾಗ ಇಟ್ಕೋರಿ!"

"ಆ ಹುಡುಗಿ ಮಾರಿ ಒಮ್ಮೆ ನೋಡ್ರಿ..."

"ಹೊರಗ ನಡೀರಿ!"

ಅವನು ಹೋದ. ಹಿಂದೆಯೇ ಹುಡುಗರು ಕೇಕೆ ಹಾಕಿ ನಕ್ಕರು. "ಅಕ್ಕೋರಿಗೆ ಮಾಸ್ತರ್ರು ಬೈದ್ರೋ!"

ಅವತ್ತಿನಿಂದ ಮೂರನೇ ಇಯತ್ತೆ ಸಂತೆಯಾಗಿಬಿಟ್ಟಿತು. ಸುಮ್ಮನಿರ್ರಿ ಎಂದರೆ ಒಬ್ಬ ಬೆಕ್ಕಿನಂತೆ ಕೂಗುವನು, ಒಬ್ಬ ಪಾಟಿ ಬಡಿಯುವನು. ಹೆಡ್ ಮಾಸ್ತರ ಮಾನಪ್ಪನವರು ಕರೆಸಿ ಹೇಳಿಯೇಬಿಟ್ಟರು.

"ನೋಡವಾ, ಬರೂ ಸೋಮವಾರ ಸಾಹೇಬ್ರು ತಪಾಸಣಿಗೆ ಬರ್ತಾರ. ವರ್ಗ ಹಿಂಗs ಇದ್ರ ನಿನ್ನ ನೌಕರಿ ಉಳಿಸೂದು ನನ್ನ ಕೈಯಾಗ ಇಲ್ಲ."

ಸಾಬೀರಾಳಿಗೆ ಮನೆಯ ನೆನಪಾಯಿತು. ಹೆಣ್ಣುಮಗಳು ಗಂಡುಹುಡುಗರಿಗೆ ಕಲಿಸುವುದೆಂದರೇನು ಎಂದು ಬಳಗವೆಲ್ಲ ಆಡಿಕೊಂಡಿತ್ತು. ಅಬ್ಬಾ ಇಬ್ರಾಹಿಂಸಾಬ ಒಬ್ಬನೇ ಮಗಳ ಪರ ನಿಂತಿದ್ದ. ನೌಕರಿ ಹೋದರೆ ಚಡಚಣದ ಎರಡನೇ ಮದುವೆಯವನೊಬ್ಬನಿಗೆ ನಿಕಾಹ ಮಾಡಿ ಕೊಡುವುದೇ ಸೈ ಎಂದು ಬಳಗ ಕಾದು ಕುಳಿತಿತ್ತು.

ಎಲ್ಲಾ ಆ ಜೈನುದ್ದೀನನಿಂದ! ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ನನ್ನ ಜಾಗಾ ಯಾರಿಗೆ ಬೇಕಾಗೇತ್ರಿ? ನಿಮ್ಮ ಕಡೆಯವರಿಗೇನು?"

ಅವನು ಗಾಬರಿಯಾದ. "ಅಲ್ಲಾನ ಆಣಿ, ಹಂಗ ಅಲ್ರಿ! ನಾನು ಬರೇ ಆ ಕೂಸಿನ ಸಂಕಟ ನೋಡಿ..."

"ನನಗ ಕಾಣಲಿಲ್ಲ ಅಂದ್ಕೊಂಡ್ರೇನು?" ಅವಳ ದನಿ ಒಡೆಯಿತು. "ಕಂಡಿತ್ರಿ! ನೀವು ಹೇಳಿದ್ದು ಖರೇ ಐತಿ. ಅದಕ್ಕs ಇಷ್ಟು ಸಿಟ್ಟು! ಹೊಡಸದಿದ್ರ ಹೆಂಗಸು ಮೆತ್ತಗ ಅಂತಾರ, ಹೊಡಸಿದ್ರ ನೀವು ಬರ್ತೀರಿ. ಹೊರಗ ಕರೆದು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಹುಡುಗರ ಮುಂದ ನನ್ನ ಮಾನ ಕಳದ್ರಿ!"

ಜೈನುದ್ದೀನ ತಲೆ ತಗ್ಗಿಸಿದ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವನು ಮೂರನೇ ಇಯತ್ತೆಯ ಬಾಗಿಲ ಹೊರಗೆ ನಿಂತ.

"ಒಳಗ ಬರ್ಲೇನ್ರಿ ಅಕ್ಕೋರ?"

'ಮತ್ತೇನು ಉಳಿದೈತಿ ಇಂವಗ?' ಹಲ್ಲು ಕಚ್ಚಿ "ಬರ್ರಿ" ಎಂದಳು.

ಅವನು ಹುಡುಗರ ಕಡೆ ತಿರುಗಿದ. "ಹುಡುಗೂರ, ಅವತ್ತು ಅಕ್ಕೋರನ್ನ ಕೇಳದ ಒಳಗ ಬಂದು ಬಾಯಿ ಹಾಕಿದೆ. ತಪ್ಪು ನಂದು. ಇಲ್ಲೆ ಅವರು ಹೇಳಿದ್ದs ಖರೇ. ನನಗೂ ಅಷ್ಟ, ನಿಮಗೂ ಅಷ್ಟ." ಎಲ್ಲರ ಮುಂದೆ ಕೈ ಮುಗಿದ. "ಮಾಫ್ ಮಾಡ್ರಿ ಅಕ್ಕೋರ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಯಾರದು ನಗೂದು?"

ಸಾಬೀರಾ ಕೇಳಿದ್ದು ಒಂದೇ ಮಾತು. ವರ್ಗ ಗಪ್ಪಾಯಿತು! ಅವಳಿಗೇ ನಂಬಿಕೆ ಬರಲಿಲ್ಲ.

"ಕೇಳ್ರಿ. ಇವತ್ತಿನಿಂದ ಇಲ್ಲೆ ಯಾರೂ ಯಾರ ಮೂಗೂ ಹಿಡಿಯೂದಿಲ್ಲ. ಇದು ಮಾಸ್ತರ ಮಾತಲ್ಲ, ನಂದು! ಮಗ್ಗಿ ಬರೂವರು ಬರದವರ ಬಾಜೂಕ ಕುಂತು ಕಲಸ್ರಿ. ಸಾತವ್ವ, ಅಣ್ಣನ ಹಂತೇಲಿ ಹೋಗು."

ಸಾತವ್ವ ಓಡಿಹೋಗಿ ಭೀಮಶ್ಯಾನಿಗೆ ಒತ್ತಿ ಕುಳಿತಳು.

ಸೋಮವಾರ ಸಾಹೇಬರು ಬಂದರು, ಮಗ್ಗಿ ಕೇಳಿದರು, ತಲೆಯಾಡಿಸಿ ಹೋದರು. ನೌಕರಿ ಉಳಿಯಿತು. ಸಾಲಿ ಬಿಟ್ಟ ಮೇಲೆ ಜೈನುದ್ದೀನ ಬೇವಿನ ಗಿಡದ ಕೆಳಗೆ ಕಾದಿದ್ದ.

"ಇನ್ನೂ ಸಿಟ್ಟೈತೇನ್ರಿ?"

"ಐತಿ."

"ಇರ್ಲಿ ಬಿಡ್ರಿ. ನೀವು ಬಂದ ದಿನದಿಂದ ನಿಮ್ಮ ದನಿ ಗ್ವಾಡಿ ಆಚೆ ಕಡಿಂದ ಕೇಳ್ಕೋತ ಕುಂದರ್ತೇನಿ. ಬೈದ್ರೂ ನನಗ ಆ ದನಿ ಬೇಕು... ಜೀವ ಇರೂತನ ಬೇಕು."

ಸಾಬೀರಾ ಸೆರಗು ಎಳೆದುಕೊಂಡಳು. ಮುಖ ಕೆಂಪಾದದ್ದು ಸಿಟ್ಟಿಗಲ್ಲ, ಅದು ಅವಳಿಗೂ ಗೊತ್ತಿತ್ತು.

"ಈ ಮಾತೂ ನನಗs ಹೇಳ್ತೀರಲ್ಲ! ಅಬ್ಬಾನ ಮುಂದ ಹೇಳಾಕ ಧೈರ್ಯ ಐತೇನು?"

"ನಾಳೆನs ಬರ್ತೇನಿ!"

"ಒಬ್ಬರs ಬರಬ್ಯಾಡ್ರಿ..." ದನಿ ಸಣ್ಣದಾಯಿತು. "ನಿಮ್ಮ ಅಮ್ಮಾನ್ನ ಕರ್ಕೊಂಡು ಬರ್ರಿ."